ಅಮೆರಿಕದ ಆರ್ಮಿ ರಿಸರ್ವ್: ಡ್ರಿಲ್ ತಪ್ಪಿದ್ದಕ್ಕೆ ರ‍್ಯಾಂಕ್ ಇಳಿಸಿ ಡಿಸ್ಚಾರ್ಜ್ ಮಾಡಿದ್ದಾರೆ, ಮೇಲ್ಮನವಿ ಎಲ್ಲಿಂದ ಶುರು ಮಾಡಬೇಕು?

ತುಂಗಾತೀರ

ಇಲಿನಾಯ್‌ನಲ್ಲಿರುವ ಕನ್ನಡದ ಹುಡುಗನೊಬ್ಬನ ವಿಷಯ. ಹೆಸರು, ಯೂನಿಟ್ ಬರೆಯುವುದಿಲ್ಲ. ಆರ್ಮಿ ರಿಸರ್ವ್‌ನಲ್ಲಿ (ತಿಂಗಳಿಗೊಂದು ವಾರಾಂತ್ಯ 'ಡ್ರಿಲ್' ಎಂಬ ತರಬೇತಿಗೆ ಹೋಗುವ ಅರೆಕಾಲಿಕ ಸೇನೆ) ಒಟ್ಟು 7 ವರ್ಷ ಸೇವೆ, ರ‍್ಯಾಂಕ್ ಸಾರ್ಜೆಂಟ್. ಮಧ್ಯೆ 10 ತಿಂಗಳು ಕುವೈತ್‌ನಲ್ಲಿ ಸಕ್ರಿಯ ಸೇವೆ ಮಾಡಿದ್ದಾನೆ, ಅದರ ಡಿಡಿ 214 (ಸಕ್ರಿಯ ಸೇವೆಯ ಬಿಡುಗಡೆ ಪತ್ರ) ಆನರಬಲ್, ಅಂದರೆ ಗೌರವಯುತ ಎಂದೇ ಇದೆ. ಮಾರ್ಚ್‌ನಲ್ಲಿ ತಂದೆ ಶಿವಮೊಗ್ಗದಲ್ಲಿ ಐಸಿಯು ಸೇರಿದರು ಎಂದು ಊರಿಗೆ ಹೋದ. ಹೊರಡುವ ಮುನ್ನ ಸ್ಕ್ವಾಡ್ ಲೀಡರ್‌ಗೆ ಮೆಸೇಜ್ ಮಾಡಿದ್ದಾನೆ, 'ಸರಿ' ಎಂಬ ಉತ್ತರವೂ ಬಂದಿದೆ. ಏಪ್ರಿಲ್‌ನಲ್ಲಿ ಊರಲ್ಲೇ ಇದ್ದ, ಯೂನಿಟ್‌ಗೆ ಏನೂ ತಿಳಿಸಲಿಲ್ಲ. ಮೇನಲ್ಲಿ ವಾಪಸ್ ಬಂದಿದ್ದರೂ ಕೆಲಸದ ಒತ್ತಡದಿಂದ ಹೋಗಲಿಲ್ಲ. ಮೂರು ತಿಂಗಳ ಡ್ರಿಲ್ ವಾರಾಂತ್ಯ ಸೇರಿಸಿ 12 ಗೈರುಹಾಜರಿ ಹಾಕಿ, 'ಅದರ್ ದ್ಯಾನ್ ಆನರಬಲ್' (ಓಟಿಎಚ್, ಗೌರವಯುತವಲ್ಲದ) ಎಂದು ಡಿಸ್ಚಾರ್ಜ್ ಮಾಡಿ, ಸಾರ್ಜೆಂಟ್‌ನಿಂದ ಕೆಳಗಿನ ಪ್ರೈವೇಟ್ ದರ್ಜೆಗೆ ಇಳಿಸಿದ್ದಾರೆ. ನೋಟಿಸ್‌ಗಳೆಲ್ಲ ಹಳೆಯ ಮನೆಯ ವಿಳಾಸಕ್ಕೆ ಹೋಗಿವೆ. ಡಿಸ್ಚಾರ್ಜ್ ಆಗಿ 14 ತಿಂಗಳಾಯಿತು. ದಾರಿ ಇದೆಯೇ?

ನಾಲ್ಕು_ಗಂಟೆ

ದಾರಿ ಇದೆ. ಮೊದಲು ಲೆಕ್ಕ ಮಾಡಿ, ಉಳಿದದ್ದು ಆಮೇಲೆ.

ಡ್ರಿಲ್ ವಾರಾಂತ್ಯ ಎಂದರೆ ಒಂದು ಹಾಜರಿ ಅಲ್ಲ. ನಾಲ್ಕು ಗಂಟೆಯ ಒಂದು ಅವಧಿಗೆ ಒಂದು ಹಾಜರಿ. ಶನಿವಾರ ಎರಡು, ಭಾನುವಾರ ಎರಡು, ಒಟ್ಟು ನಾಲ್ಕು. ವರ್ಷಕ್ಕೆ 48 ಅವಧಿ, ಜೊತೆಗೆ ಸುಮಾರು ಎರಡು ವಾರದ ವಾರ್ಷಿಕ ತರಬೇತಿ. ಆರ್ಮಿ ರೆಗ್ಯುಲೇಷನ್ 135-91ರ ಪ್ರಕಾರ ಒಂದು ವರ್ಷದ ಅವಧಿಯೊಳಗೆ ಕ್ಷಮಿಸದ ಗೈರುಹಾಜರಿ 9 ಆದರೆ ಆ ಸೈನಿಕ 'ಅತೃಪ್ತಿಕರವಾಗಿ ಭಾಗವಹಿಸುವವನು'. ಡಿಸ್ಚಾರ್ಜ್ ಪ್ರಕ್ರಿಯೆ ನಡೆಯುವುದು 135-178ರ ಅಡಿಯಲ್ಲಿ. ಎರಡು ವಾರಾಂತ್ಯ ಪೂರ್ತಿ ತಪ್ಪಿದರೆ 8, ಮೂರನೆಯ ವಾರಾಂತ್ಯದ ಶನಿವಾರ ಬೆಳಿಗ್ಗೆಯೇ 9.

ಇಲ್ಲಿ 12 ಇದೆ. ಮಾರ್ಚ್‌ನ ನಾಲ್ಕು ಕ್ಷಮಿಸಬೇಕಾದ ಗೈರುಹಾಜರಿ ಎಂದು ತೋರಿಸಿಕೊಟ್ಟರೆ ಉಳಿಯುವುದು 8. ಮಿತಿಯೇ ದಾಟುವುದಿಲ್ಲ, ಡಿಸ್ಚಾರ್ಜ್‌ಗೆ ಇದ್ದ ಆಧಾರವೇ ಹೋಗುತ್ತದೆ. ಇಡೀ ಅರ್ಜಿಯ ಬೆನ್ನೆಲುಬು ಆ ನಾಲ್ಕು ಅವಧಿ. ಮೇ ತಿಂಗಳಿಗೆ ಒಳ್ಳೆಯ ಕಾರಣ ಇಲ್ಲದಿದ್ದರೆ ಹುಟ್ಟುಹಾಕಲು ಹೋಗಬೇಡಿ. 'ಮೇ ತಿಂಗಳ ನಾಲ್ಕು ನನ್ನ ತಪ್ಪು' ಎಂದು ನೇರವಾಗಿ ಒಪ್ಪಿಕೊಂಡರೆ ಮಾರ್ಚ್ ಬಗ್ಗೆ ಹೇಳುವ ಮಾತಿಗೆ ತೂಕ ಬರುತ್ತದೆ.

ಹೆಂಚಿನಮನೆ

ಲೆಕ್ಕ ಸರಿ. ಆದರೆ ಸ್ಕ್ವಾಡ್ ಲೀಡರ್ 'ಸರಿ' ಅಂದದ್ದು ಅನುಮತಿ ಆಗುವುದಿಲ್ಲ. ಗೈರುಹಾಜರಿ ಕ್ಷಮಿಸುವ ಅಧಿಕಾರ ಯೂನಿಟ್ ಕಮಾಂಡರ್‌ದು. ಸ್ಕ್ವಾಡ್ ಲೀಡರ್ ಆ ಮಾತನ್ನು ಮೇಲಕ್ಕೆ ತಲುಪಿಸದೆ ಬಿಟ್ಟರೆ ಹಾಜರಿ ಪಟ್ಟಿಯಲ್ಲಿ ಸೀದಾ ಗೈರು ಎಂದು ಬೀಳುತ್ತದೆ. ಇಂಥ ಪ್ರಕರಣಗಳು ಅತಿ ಹೆಚ್ಚು ಕೆಡುವುದು ಈ ಜಾಗದಲ್ಲೇ.

ನಾಲ್ಕು_ಗಂಟೆ

ಒಪ್ಪುತ್ತೇನೆ. ಆದರೂ ಆ ಮೆಸೇಜ್‌ಗೆ ಬೆಲೆ ಇದೆ. ಅನುಮತಿ ಇತ್ತು ಎಂದು ಅದು ಸಾಬೀತು ಮಾಡುವುದಿಲ್ಲ. ಅವನು ಓಡಿಹೋಗಿರಲಿಲ್ಲ, ಆ ದಿನವೇ ಕಾರಣ ತಿಳಿಸಿದ್ದ ಎಂದು ಸಾಬೀತು ಮಾಡುತ್ತದೆ. ಕಾಯಿಲೆ, ತುರ್ತು ಪರಿಸ್ಥಿತಿ, ಕೈಮೀರಿದ ಸಂದರ್ಭ ಇವು ಕ್ಷಮಿಸಬಹುದಾದ ಕಾರಣಗಳು ಎಂದು ನಿಯಮದಲ್ಲೇ ಇದೆ. ಮೆಸೇಜ್‌ನ ಸ್ಕ್ರೀನ್‌ಶಾಟ್‌ನಲ್ಲಿ ದಿನಾಂಕ, ಸಮಯ, ಆ ಕಡೆಯ ಫೋನ್ ನಂಬರ್ ಮೂರೂ ಕಾಣಬೇಕು. ಬರೀ ಹೆಸರು ಕಾಣುವ ಚಿತ್ರಕ್ಕೆ ಬೆಲೆ ಕಡಿಮೆ. ಸಾಧ್ಯವಾದರೆ ಆ ಸ್ಕ್ವಾಡ್ ಲೀಡರ್‌ನಿಂದಲೇ ಒಂದು ಪುಟದ ಹೇಳಿಕೆ ಬರೆಸಿಕೊಳ್ಳಿ. ಅವರು ಈಗ ಬೇರೆ ಯೂನಿಟ್‌ನಲ್ಲಿದ್ದರೆ ಬರೆದುಕೊಡಲು ಹಿಂಜರಿಯುವುದೂ ಕಡಿಮೆ.

ಅಂಚೆಚೀಟಿ

ನಾನು ನೋಟಿಸ್ ಬಗ್ಗೆ ಬರೆಯುತ್ತೇನೆ. ಗೆಲ್ಲುವುದೂ ಸೋಲುವುದೂ ಬಹಳ ಸಲ ಅದರ ಮೇಲೆ.

ಗೈರುಹಾಜರಿ ಏರುತ್ತಾ ಹೋದಂತೆ ಯೂನಿಟ್ ಎಚ್ಚರಿಕೆ ಪತ್ರ ಕೊಡಬೇಕು. ಕೈಗೆ ಕೊಡಬಹುದು, ಇಲ್ಲವೇ ಸರ್ಟಿಫೈಡ್ ಮೇಲ್‌ನಲ್ಲಿ ರಿಟರ್ನ್ ರಸೀದಿ ಸಹಿತ ಕಳಿಸಬಹುದು. ಆಮೇಲೆ ಡಿಸ್ಚಾರ್ಜ್‌ನ ನೋಟಿಸ್ ಬೇರೆ. ಅದರಲ್ಲಿ ಕಾರಣ, ಉದ್ದೇಶಿತ ಡಿಸ್ಚಾರ್ಜ್‌ನ ಸ್ವರೂಪ, ವಕೀಲರನ್ನು ಕಾಣುವ ಹಕ್ಕು, ಬೋರ್ಡ್ ವಿಚಾರಣೆ ಕೇಳುವ ಹಕ್ಕು, ಎಲ್ಲ ಇರಬೇಕು. ಉತ್ತರಿಸಲು 30 ದಿನ. ಉತ್ತರ ಬಾರದಿದ್ದರೆ ಹಕ್ಕು ಬಿಟ್ಟುಕೊಟ್ಟಂತೆ.

ಒಟ್ಟು 6 ವರ್ಷ ಅಥವಾ ಹೆಚ್ಚು ಸೇವೆ ಇದ್ದವರಿಗೆ ಬೋರ್ಡ್ ವಿಚಾರಣೆಯ ಹಕ್ಕಿದೆ. ಸೇವೆ ಅದಕ್ಕಿಂತ ಕಡಿಮೆ ಇದ್ದರೂ ಓಟಿಎಚ್ ಕೊಡುವ ಉದ್ದೇಶವಿದ್ದರೆ ಹಕ್ಕು ಇದ್ದೇ ಇದೆ. ಈ ಹುಡುಗನಿಗೆ ಎರಡೂ ಅನ್ವಯಿಸುತ್ತವೆ. ಹಾಗಾಗಿ ಬೋರ್ಡ್ ನಡೆಯಲಿಲ್ಲ ಎಂದರೆ, ಅವನು ಹಕ್ಕು ಬಿಟ್ಟ ಎಂದು ಯೂನಿಟ್ ಭಾವಿಸಿದೆ ಎಂದೇ ಅರ್ಥ. ಬಿಟ್ಟನೇ ಇಲ್ಲವೇ ಎನ್ನುವುದನ್ನು ತೀರ್ಮಾನಿಸುವುದು ಆ ನೋಟಿಸ್ ಹೋದ ಲಕೋಟೆ.

ಇಲ್ಲಿ ಒಂದು ಕಹಿ ನಿಯಮ ಇದೆ. ಸೈನಿಕ ಕೊನೆಯದಾಗಿ ಕೊಟ್ಟ ಅಧಿಕೃತ ವಿಳಾಸಕ್ಕೆ ಸರಿಯಾಗಿ ಬರೆದು ಕಳಿಸಿದ ಪತ್ರ 'ಅನ್‌ಕ್ಲೇಮ್ಡ್' ಎಂದು ವಾಪಸ್ ಬಂದರೂ ತಲುಪಿದಂತೆಯೇ. ಮನೆ ಬದಲಿಸಿದ್ದನ್ನು ಯೂನಿಟ್‌ಗೆ ತಿಳಿಸುವ ಹೊಣೆ ಸೈನಿಕನದು. ಆದ್ದರಿಂದ ಕೇಳಬೇಕಾದ ಪ್ರಶ್ನೆ ಒಂದೇ: ಹೊಸ ವಿಳಾಸ ಯೂನಿಟ್‌ಗೆ ಬರವಣಿಗೆಯಲ್ಲಿ ಗೊತ್ತಿತ್ತೇ?

ತುಂಗಾತೀರ

ಗೊತ್ತಿತ್ತು. ಹಿಂದಿನ ವರ್ಷ ನವೆಂಬರ್‌ನಲ್ಲಿ ಆಡಳಿತ ಸಾರ್ಜೆಂಟ್‌ಗೆ ಇಮೇಲ್ ಮಾಡಿದ್ದಾನೆ. ಡಿಸೆಂಬರ್‌ನ ಸಂಬಳದ ಚೀಟಿಯೂ ಹೊಸ ವಿಳಾಸದಲ್ಲೇ ಇದೆ.

ಅಂಚೆಚೀಟಿ

ಹಾಗಾದರೆ ಇದು ಗಟ್ಟಿ ಪ್ರಕರಣ. ಸೇನೆಯ ವ್ಯವಸ್ಥೆಯೇ ಹೊಸ ವಿಳಾಸ ಮುದ್ರಿಸುತ್ತಿದ್ದಾಗ ನೋಟಿಸ್ ಹಳೆಯದಕ್ಕೆ ಹೋಗಿದೆ ಎಂದು ಎರಡು ಕಾಗದ ಪಕ್ಕಪಕ್ಕ ಇಟ್ಟು ತೋರಿಸಬಹುದು. ಡಿಸ್ಚಾರ್ಜ್ ಕಡತವನ್ನು ಪ್ರೈವೆಸಿ ಆಕ್ಟ್ (ಸರ್ಕಾರದ ಬಳಿ ಇರುವ ತನ್ನ ದಾಖಲೆ ಕೇಳುವ ಕಾನೂನು) ಅಡಿಯಲ್ಲಿ ಪೂರ್ತಿ ತರಿಸಿಕೊಳ್ಳಿ. ಬರೀ ಆದೇಶದ ಪ್ರತಿ ಸಾಲದು. ಸರ್ಟಿಫೈಡ್ ಮೇಲ್‌ನ ನಂಬರ್ ಇರುವ ಚೀಟಿ, ಹಸಿರು ರಿಟರ್ನ್ ಕಾರ್ಡ್, ಕಳಿಸಿದವರ ಪ್ರಮಾಣಪತ್ರ ಮೂರನ್ನೂ ಹುಡುಕಿ. ಹಸಿರು ಕಾರ್ಡ್ ಮೇಲಿನ ಸಹಿ ಯಾರದು, ಅಪಾರ್ಟ್‌ಮೆಂಟ್ ನಂಬರ್ ಇದೆಯೇ, ಪತ್ರದ ತಾರೀಖಿಗೂ ಅಂಚೆಯ ಮುದ್ರೆಗೂ ಎಷ್ಟು ದಿನದ ಅಂತರ, ಎಲ್ಲ ನೋಡಿ. ಮೂರು ಎಚ್ಚರಿಕೆ ಪತ್ರಗಳ ಮೇಲೂ ಒಂದೇ ತಾರೀಖು ಇದ್ದರೆ ಅವು ಆಮೇಲೆ ಒಟ್ಟಿಗೆ ತಯಾರಾದವು ಎಂದು ವಾದಿಸಲು ಜಾಗ ಸಿಗುತ್ತದೆ.

ಕೆಂಪುಮಣ್ಣು

ಸಾರ್ಜೆಂಟ್‌ನ ರ‍್ಯಾಂಕ್ ಇಳಿಸಲು ರಿಡಕ್ಷನ್ ಬೋರ್ಡ್ ಕೂರಬೇಕಲ್ಲವೇ? ಅದು ಕೂತೇ ಇಲ್ಲವಲ್ಲ. ಮೊದಲು ಅದನ್ನೇ ಹಿಡಿದು ಹೋದರೆ?

ಹೆಂಚಿನಮನೆ

ಹಾಗೆ ಮಾಡಿದರೆ ವಾದ ಬಿದ್ದುಹೋಗುತ್ತದೆ. ರ‍್ಯಾಂಕ್ ಇಳಿಯುವ ದಾರಿಗಳು ಬೇರೆ ಬೇರೆ. ಅದಕ್ಷತೆ ಎಂದು ಇಳಿಸುವುದಾದರೆ ಸಾರ್ಜೆಂಟ್ ಮತ್ತು ಅದಕ್ಕಿಂತ ಮೇಲಿನವರಿಗೆ ಬೋರ್ಡ್ ಬೇಕು. ಆರ್ಟಿಕಲ್ 15, ಅಂದರೆ ಕೋರ್ಟ್ ಇಲ್ಲದೆ ಕಮಾಂಡರ್ ಕೊಡುವ ಶಿಕ್ಷೆಯಾಗಿ ಇಳಿಸಿದರೆ ಅದಕ್ಕೆ ಅದರದೇ ಮೇಲ್ಮನವಿ ಇದೆ, ಅವಧಿ ಬಹಳ ಚಿಕ್ಕದು. ಇಲ್ಲಿ ಆಗಿರುವುದು ಮೂರನೆಯದು. ಓಟಿಎಚ್ ಎಂದು ಡಿಸ್ಚಾರ್ಜ್ ತೀರ್ಮಾನವಾದ ಕೂಡಲೇ ಸೈನಿಕ ತಂತಾನೇ ಅತಿ ಕೆಳಗಿನ ದರ್ಜೆಗೆ ಇಳಿಯುತ್ತಾನೆ. ಆರ್ಮಿ ರೆಗ್ಯುಲೇಷನ್ 600-8-19ರಲ್ಲಿ ಅದಕ್ಕೆ ಬೇರೆ ಬೋರ್ಡ್ ಬೇಕಿಲ್ಲ.

ಅಂದರೆ ರ‍್ಯಾಂಕ್ ಇಳಿದದ್ದು ಡಿಸ್ಚಾರ್ಜ್‌ನ ಸ್ವರೂಪಕ್ಕೆ ನೇತುಹಾಕಿಕೊಂಡಿದೆ. ಓಟಿಎಚ್ ಹೋದರೆ ಇಳಿಸಿದ್ದಕ್ಕೂ ಆಧಾರ ಇರುವುದಿಲ್ಲ. ಆದರೆ 'ಡಿಸ್ಚಾರ್ಜ್ ಸರಿಪಡಿಸಿ' ಎಂದಷ್ಟೇ ಬರೆದು ಸುಮ್ಮನಾಗಬೇಡಿ. ಆದೇಶದ ನಂಬರ್, ತಾರೀಖು ಬರೆದು 'ಸಾರ್ಜೆಂಟ್ ದರ್ಜೆಯನ್ನು ಮೂಲ ದಿನಾಂಕದಿಂದಲೇ ಮರಳಿಸಿ' ಎಂದು ಬೇರೆ ಸಾಲಿನಲ್ಲಿ ಕೇಳಿ. ಕೇಳದೆ ಬಿಟ್ಟದ್ದನ್ನು ಅರ್ಜಿ ನೋಡುವ ಮಂಡಳಿ ತಾನಾಗಿ ಕೊಡುತ್ತದೆ ಎಂದು ನಂಬಿ ಕೂರಬಾರದು.

ಫಾರ್ಮ್_ಪೇಪರ್

ಎರಡು ಬಾಗಿಲುಗಳಿವೆ. ಯಾವುದು ಯಾವಾಗ ಎನ್ನುವುದು ಮುಖ್ಯ.

ಡಿಸ್ಚಾರ್ಜ್ ರಿವ್ಯೂ ಬೋರ್ಡ್: ಡಿಡಿ ಫಾರ್ಮ್ 293. ಡಿಸ್ಚಾರ್ಜ್ ಆದ 15 ವರ್ಷದೊಳಗೆ. ಡಿಸ್ಚಾರ್ಜ್‌ನ ಸ್ವರೂಪ ಮತ್ತು ಕಾರಣವನ್ನು ಬದಲಿಸಬಹುದು. ಎರಡು ಅಳತೆಗೋಲು: ಕ್ರಮ ಕಾನೂನುಬದ್ಧವಾಗಿತ್ತೇ, ನ್ಯಾಯವಾಗಿತ್ತೇ. ನೋಟಿಸ್ ತಪ್ಪು ವಿಳಾಸಕ್ಕೆ ಹೋಗಿದ್ದು ಮೊದಲನೆಯದಕ್ಕೆ, 7 ವರ್ಷದ ಒಳ್ಳೆಯ ಸೇವೆ ಮತ್ತು ಕುವೈತ್ ಎರಡನೆಯದಕ್ಕೆ. ಕಾಗದ ನೋಡಿಯೇ ತೀರ್ಮಾನ ಮಾಡಿ ಎನ್ನಬಹುದು, ಅಥವಾ ಖುದ್ದು ವಿಚಾರಣೆ ಕೇಳಬಹುದು. ಮೊದಲು ಕಾಗದದ ಮೇಲೆ ಹೋಗಿ ಸೋತರೂ, 15 ವರ್ಷದೊಳಗೆ ಖುದ್ದು ವಿಚಾರಣೆ ಕೇಳಲು ಅವಕಾಶ ಉಳಿದಿರುತ್ತದೆ. ಮೊದಲೇ ಖುದ್ದು ವಿಚಾರಣೆಗೆ ಹೋದರೆ ಒಂದು ಅವಕಾಶ ಕೈಬಿಟ್ಟಂತೆ. ನನ್ನ ಸಲಹೆ: ಮೊದಲು ಕಾಗದ.

ದಾಖಲೆ ತಿದ್ದುಪಡಿ ಮಂಡಳಿ: ಡಿಡಿ ಫಾರ್ಮ್ 149. ತಪ್ಪು ಗೊತ್ತಾದ 3 ವರ್ಷದೊಳಗೆ; ತಡವಾದರೆ ನ್ಯಾಯದ ಹಿತದೃಷ್ಟಿಯಿಂದ ಮನ್ನಿಸುವ ಅಧಿಕಾರ ಮಂಡಳಿಗಿದೆ, ಆದರೆ ಅದನ್ನು ನಂಬಿ ತಡ ಮಾಡಬಾರದು. ಡಿಸ್ಚಾರ್ಜ್ ರದ್ದು, ರ‍್ಯಾಂಕ್, ಬಾಕಿ ಹಣ, ಮತ್ತೆ ಸೇವೆಗೆ ಸೇರಿಸುವುದು ಇಂಥ ದೊಡ್ಡ ಪರಿಹಾರಗಳೆಲ್ಲ ಇಲ್ಲಿ. ಬರೀ ಸ್ವರೂಪ ಬದಲಿಸಿ ಎಂದು ಕೇಳಿದರೆ 'ಮೊದಲು ರಿವ್ಯೂ ಬೋರ್ಡ್‌ಗೆ ಹೋಗಿ ಬಾ' ಎಂದು ವಾಪಸ್ ಕಳಿಸುತ್ತಾರೆ. ಹಾಗಾಗಿ 14 ತಿಂಗಳಾಗಿರುವ ಈ ಪ್ರಕರಣದಲ್ಲಿ 293 ಮೊದಲು ಹೋಗಲಿ. 149ರ 3 ವರ್ಷದ ತಾರೀಖನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ.

ಎರಡೂ ಕಡೆ ಸೋತರೆ, 2019ರ ಡಿಸೆಂಬರ್ 20ರಂದು ಅಥವಾ ಆಮೇಲೆ ಡಿಸ್ಚಾರ್ಜ್ ಆದವರಿಗೆ ರಕ್ಷಣಾ ಇಲಾಖೆಯ ಡಿಸ್ಚಾರ್ಜ್ ಅಪೀಲ್ ರಿವ್ಯೂ ಬೋರ್ಡ್ ಎಂಬ ಕೊನೆಯ ಮೆಟ್ಟಿಲೂ ಇದೆ.

ಕೆಂಪುಮಣ್ಣು

ಇಷ್ಟೆಲ್ಲ ಯಾಕೆ, ಕಾಂಗ್ರೆಸ್ ಸದಸ್ಯರ ಕಚೇರಿಗೆ ಬರೆದರೆ ಬೇಗ ಆಗುವುದಿಲ್ಲವೇ? ಇನ್‌ಸ್ಪೆಕ್ಟರ್ ಜನರಲ್ ಕೂಡ ಇದ್ದಾರಲ್ಲ.

ಫಾರ್ಮ್_ಪೇಪರ್

ಕಾಂಗ್ರೆಸ್ ಸದಸ್ಯರ ಕಚೇರಿಯಿಂದ ಒಂದು ಒಳ್ಳೆಯ ಉಪಯೋಗ ಇದೆ: ಯೂನಿಟ್ ಕೊಡದೆ ಸತಾಯಿಸುತ್ತಿರುವ ಕಡತ ಹೊರಗೆ ಬರುತ್ತದೆ, ಅರ್ಜಿ ಎಲ್ಲಿದೆ ಎಂಬ ಮಾಹಿತಿ ಸಿಗುತ್ತದೆ. ಅವರು ಡಿಸ್ಚಾರ್ಜ್ ರದ್ದು ಮಾಡಲಾರರು. ಇನ್‌ಸ್ಪೆಕ್ಟರ್ ಜನರಲ್ ಕೂಡ ಮೇಲ್ಮನವಿ ಪ್ರಾಧಿಕಾರ ಅಲ್ಲ. ಅಲ್ಲಿ ಉತ್ತರ ಬರಲಿ ಎಂದು ಕಾಯುತ್ತಾ ಕೂತವರ ಗಡುವು ಕಳೆದುಹೋಗುತ್ತದೆ.

ಮಲೆನಾಡ_ಹಾದಿ

ಶಿವಮೊಗ್ಗದಿಂದ ತರಿಸಬೇಕಾದ ಕಾಗದಗಳ ಬಗ್ಗೆ ಯಾರೂ ಬರೆದಿಲ್ಲ.

ಆಸ್ಪತ್ರೆಯ ಡಿಸ್ಚಾರ್ಜ್ ಸಮರಿಯಲ್ಲಿ ದಾಖಲಾದ ದಿನ, ಐಸಿಯುನಲ್ಲಿದ್ದ ದಿನಗಳು, ಬಿಡುಗಡೆಯ ದಿನ ಸ್ಪಷ್ಟ ಇರಬೇಕು. ಡ್ರಿಲ್‌ನ ಶನಿವಾರ–ಭಾನುವಾರ ಆ ಅವಧಿಯ ಒಳಗೆ ಬೀಳುತ್ತದೆಯೇ ಎಂದು ನೋಡಿ. ಅಪ್ಪನಿಗೂ ಮಗನಿಗೂ ಇರುವ ಸಂಬಂಧ ತೋರಿಸಲು ಮಗನ ಜನನ ಪ್ರಮಾಣಪತ್ರ ಅಥವಾ ಪಾಸ್‌ಪೋರ್ಟ್ ಬೇಕು, ಏಕೆಂದರೆ ನಮ್ಮಲ್ಲಿ ತಂದೆಯ ಹೆಸರು, ಇನಿಷಿಯಲ್, ಸರ್‌ನೇಮ್ ಒಂದೊಂದು ಕಾಗದದಲ್ಲಿ ಒಂದೊಂದು ಥರ. ಆಸ್ಪತ್ರೆಯ ಕಾಗದದಲ್ಲಿ 'ಎಸ್. ಕೆ. ಮೂರ್ತಿ' ಎಂದೂ ಅಮೆರಿಕದ ದಾಖಲೆಯಲ್ಲಿ ಪೂರ್ತಿ ಹೆಸರೂ ಇದ್ದರೆ ಇಬ್ಬರೂ ಒಬ್ಬರೇ ಎಂದು ಒಂದು ಸಾಲು ವಿವರಣೆ ಹಾಕಿ. ಅಲ್ಲಿ ಓದುವವರಿಗೆ ನಮ್ಮ ಇನಿಷಿಯಲ್ ಪದ್ಧತಿ ಗೊತ್ತಿರುವುದಿಲ್ಲ. ತಾರೀಖಿನದೂ ಇದೇ ಕಥೆ. ನಮ್ಮಲ್ಲಿ 05/03 ಎಂದರೆ ಮಾರ್ಚ್ 5, ಅಲ್ಲಿ ಓದಿದರೆ ಮೇ 3. ಮಾರ್ಚ್‌ನ ಗೈರುಹಾಜರಿಗೆ ಮೇ ತಿಂಗಳ ಕಾಗದ ಕೊಟ್ಟಿದ್ದಾನೆ ಎಂದು ತಿಳಿದರೆ ಎಲ್ಲ ಹಾಳು. ವಿವರಣೆಯಲ್ಲಿ ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆಯಿರಿ.

ವಿಮಾನದ ಬೋರ್ಡಿಂಗ್ ಪಾಸ್, ಪಾಸ್‌ಪೋರ್ಟ್‌ನ ಮುದ್ರೆ ಎರಡೂ ಸೇರಿಸಿ. ಕನ್ನಡದಲ್ಲೇ ಇರುವ ಕಾಗದ ಇದ್ದರೆ ಇಂಗ್ಲಿಷ್ ಅನುವಾದ, ಜೊತೆಗೆ ಅನುವಾದಕರು 'ನನಗೆ ಎರಡೂ ಭಾಷೆ ಬರುತ್ತದೆ, ಅನುವಾದ ಸರಿಯಾಗಿದೆ' ಎಂದು ಸಹಿ ಹಾಕಿದ ಚೀಟಿ. ಅರ್ಜಿದಾರನೇ ಅನುವಾದ ಮಾಡುವುದು ಬೇಡ.

ಊರಿನಲ್ಲಿರುವ ತಾಯಿ ಅಥವಾ ಅಣ್ಣನ ಹೇಳಿಕೆ ಬೇಕಾದರೆ ನೋಟರಿ, ಅಪೋಸ್ಟಿಲ್ ಎಂದು ಓಡಾಡಬೇಕಿಲ್ಲ. ಅಮೆರಿಕದ ಫೆಡರಲ್ ಕಾನೂನು ಸಂಹಿತೆಯ 28ನೇ ಶೀರ್ಷಿಕೆಯ 1746ನೇ ಸೆಕ್ಷನ್ ಪ್ರಕಾರ, 'ಅಮೆರಿಕ ಸಂಯುಕ್ತ ಸಂಸ್ಥಾನದ ಕಾನೂನಿನಡಿ, ಸುಳ್ಳು ಹೇಳಿದರೆ ಶಿಕ್ಷೆಗೆ ಗುರಿಯಾಗುತ್ತೇನೆ ಎಂದು ತಿಳಿದು, ಮೇಲಿನದು ಸತ್ಯ' ಎಂಬರ್ಥದ ವಾಕ್ಯ, ಸಹಿ, ತಾರೀಖು ಇದ್ದರೆ ಅಫಿಡವಿಟ್ಟಿನಷ್ಟೇ ಬೆಲೆ. ಹೊರದೇಶದಲ್ಲಿ ಸಹಿ ಮಾಡುವವರು ಆ 'ಅಮೆರಿಕ ಸಂಯುಕ್ತ ಸಂಸ್ಥಾನದ ಕಾನೂನಿನಡಿ' ಎಂಬ ಭಾಗವನ್ನು ಬಿಡಲೇಬಾರದು.

ನಾಲ್ಕು_ಗಂಟೆ

ಇದಕ್ಕೆ ಸೇನೆಯ ಕಡೆಯ ಕಾಗದಗಳನ್ನೂ ಸೇರಿಸುತ್ತೇನೆ. ಡಿಎ ಫಾರ್ಮ್ 1379 ಯೂನಿಟ್‌ನ ಹಾಜರಿ ದಾಖಲೆ. ಡಿಎ ಫಾರ್ಮ್ 1380 ಬೇರೆ ದಿನ ಬಂದು ಮಾಡಿದ ತರಬೇತಿಯದು. ನಿವೃತ್ತಿ ಅಂಕಗಳ ಪಟ್ಟಿ ಬೇರೆ ಇರುತ್ತದೆ. ಜೊತೆಗೆ ತಿಂಗಳ ಸಂಬಳದ ಚೀಟಿ. ನಾಲ್ಕನ್ನೂ ಒಂದೇ ಹಾಳೆಯಲ್ಲಿ ತಿಂಗಳವಾರು ಬರೆದು ನೋಡಿ. 1379ರಲ್ಲಿ ಗೈರು ಎಂದಿರುವ ಅವಧಿಗೆ ಸಂಬಳ ಬಂದಿದ್ದರೆ, ಅಥವಾ 1380 ಇದ್ದೂ ಗೈರು ಹಾಗೇ ಉಳಿದಿದ್ದರೆ, ಆ ಒಂದು ಸಾಲೇ ಹತ್ತು ಪುಟದ ವಾದಕ್ಕೆ ಸಮ. ಅಂಥ ಒಂದು ಅವಧಿ ಸಿಕ್ಕಿದರೂ ಸೇನೆಯ ಲೆಕ್ಕದ ಮೇಲಿನ ನಂಬಿಕೆ ಅಲ್ಲಾಡುತ್ತದೆ. ಇದು ಬೇಕೇ ಬೇಕು, ಏಕೆಂದರೆ ಆಡಳಿತ ಸರಿಯಾಗಿಯೇ ನಡೆದಿದೆ ಎಂಬ ಊಹೆಯಿಂದ ಮಂಡಳಿ ಶುರು ಮಾಡುತ್ತದೆ. ಅಲ್ಲ ಎಂದು ತೋರಿಸುವ ಹೊಣೆ ಅರ್ಜಿದಾರನದು.

ನೀಲಗಿರಿಮರ

ನ್ಯಾಷನಲ್ ಗಾರ್ಡ್‌ನಲ್ಲಿರುವವರು ಇದನ್ನೆಲ್ಲ ಹಾಗೇ ಅನ್ವಯಿಸಿಕೊಳ್ಳಬೇಡಿ. ಗಾರ್ಡ್‌ನವರಿಗೆ ಡಿಸ್ಚಾರ್ಜ್ ಕೊಡುವುದು ರಾಜ್ಯ, ಸಿಗುವ ಕಾಗದ ಎನ್‌ಜಿಬಿ ಫಾರ್ಮ್ 22. ಮೊದಲು ರಾಜ್ಯದ ಅಡ್ಜುಟಂಟ್ ಜನರಲ್ ಕಚೇರಿಯಲ್ಲಿ ತಿದ್ದುಪಡಿ ಕೇಳಿ, ಆ ಉತ್ತರ ಇಟ್ಟುಕೊಂಡು ಫೆಡರಲ್ ಮಂಡಳಿಗೆ ಹೋಗಬೇಕು. ನೇವಿ ಮತ್ತು ಮರೀನ್ ರಿಸರ್ವ್‌ನವರಿಗೆ ಬೇರೆ ತಿದ್ದುಪಡಿ ಮಂಡಳಿ, ವಾಯುಪಡೆಗೆ ಬೇರೆ. ಫಾರ್ಮ್‌ಗಳು ಮಾತ್ರ ಅವೇ.

ಹೆಂಚಿನಮನೆ

ಗೈರುಹಾಜರಿಯ ಹಿಂದೆ ಪಿಟಿಎಸ್‌ಡಿ, ತಲೆಗೆ ಪೆಟ್ಟು, ಸೇನೆಯಲ್ಲಿ ನಡೆದ ಲೈಂಗಿಕ ದೌರ್ಜನ್ಯ ಇಂಥದ್ದು ಇದ್ದರೆ ಅದನ್ನು ಮುಚ್ಚಿಡಬೇಡಿ. ರಕ್ಷಣಾ ಇಲಾಖೆಯ 2014ರ ಹೇಗಲ್ ಮೆಮೊ, 2017ರ ಕರ್ಟಾ ಮೆಮೊ ಪ್ರಕಾರ ಮಂಡಳಿಗಳು ಅಂಥ ಅರ್ಜಿಗಳನ್ನು ಉದಾರವಾಗಿ ನೋಡಬೇಕು. ಪ್ರಶ್ನೆಗಳು ನಾಲ್ಕು: ಆ ಸ್ಥಿತಿ ಇತ್ತೇ, ಸೇವೆಯ ಕಾಲದಲ್ಲಿ ಇತ್ತೇ, ತಪ್ಪಿಗೆ ಅದು ಕಾರಣ ಆಗುತ್ತದೆಯೇ, ತಪ್ಪಿಗಿಂತ ಅದರ ತೂಕ ಹೆಚ್ಚೇ. ನಾಲ್ಕಕ್ಕೂ ನಾಲ್ಕು ಪ್ಯಾರಾ ಬರೆಯಿರಿ. ಕುವೈತ್‌ಗೆ ಹೋಗಿಬಂದ ಮೇಲೆ ಡ್ರಿಲ್ ಹಾಲ್‌ಗೆ ಕಾಲಿಡಲಾಗುತ್ತಿರಲಿಲ್ಲ ಎನ್ನುವಂಥ ಸಂಗತಿ ಇದ್ದರೆ ಅದು ಮೂರನೆಯದಕ್ಕೆ ನೇರ ಉತ್ತರ.

ಹಸಿರು_ಕಾರ್ಡು

ವಲಸೆಯ ಕಡೆಯಿಂದ ಒಂದು ಗಂಭೀರ ಮಾತು. ಸೇನಾ ಸೇವೆಯ ಮೇಲೆ, ಅಂದರೆ ವಲಸೆ ಕಾನೂನಿನ 328 ಅಥವಾ 329ನೇ ಸೆಕ್ಷನ್ ಅಡಿ, ಪೌರತ್ವ ಪಡೆದವರು ಒಟ್ಟು 5 ವರ್ಷ ಗೌರವಯುತ ಸೇವೆ ಮುಗಿಸುವ ಮುನ್ನ ಓಟಿಎಚ್‌ನಲ್ಲಿ ಹೊರಬಿದ್ದರೆ ಆ ಪೌರತ್ವವನ್ನೇ ರದ್ದು ಮಾಡಲು ಕಾನೂನಿನಲ್ಲಿ ಅವಕಾಶ ಇದೆ. ನಮ್ಮ ಹುಡುಗರಲ್ಲಿ ಗ್ರೀನ್ ಕಾರ್ಡ್ ಇಟ್ಟುಕೊಂಡು ಸೇರಿದವರು ಇದನ್ನು ತಿಳಿದಿರಲೇಬೇಕು. 7 ವರ್ಷ ಎಂದ ಮಾತ್ರಕ್ಕೆ ನಿಶ್ಚಿಂತೆ ಬೇಡ. ಆ ವರ್ಷಗಳಲ್ಲಿ ಎಷ್ಟು ಗೌರವಯುತ ಎಂದು ದಾಖಲಾಗಿವೆ ಎಂದು ವಲಸೆ ವಕೀಲರ ಬಳಿ ಕಾಗದ ತೋರಿಸಿ ಖಚಿತಪಡಿಸಿಕೊಳ್ಳಿ.

ವೆಟರನ್ಸ್ ಇಲಾಖೆಯ ಸೌಲಭ್ಯದ ವಿಷಯದಲ್ಲಿ ಸಮಾಧಾನದ ಸಂಗತಿ ಇದೆ. ಅವರು ಸೇವೆಯನ್ನು ಅವಧಿವಾರು ನೋಡುತ್ತಾರೆ. ಕುವೈತ್‌ನ 10 ತಿಂಗಳಿಗೆ ಆನರಬಲ್ ಡಿಡಿ 214 ಇರುವುದರಿಂದ, ಆಮೇಲಿನ ರಿಸರ್ವ್ ಡಿಸ್ಚಾರ್ಜ್ ಆ ಅವಧಿಯ ಹಕ್ಕನ್ನು ಕಿತ್ತುಕೊಳ್ಳುವುದಿಲ್ಲ. ಆರೋಗ್ಯ ಸೇವೆಗೆ ಆ ಕಾಗದ ಹಿಡಿದು ಈಗಲೇ ಅರ್ಜಿ ಹಾಕಲಿ. ಮೇಲ್ಮನವಿ ಮುಗಿಯಲಿ ಎಂದು ಕಾಯುವುದು ಬೇಡ.

ಕೆಂಪುಮಣ್ಣು

ತಪ್ಪಿಹೋದ ಡ್ರಿಲ್‌ಗಳ ಸಂಬಳ ಸಿಗುತ್ತದೆಯೇ? ಕೋರ್ಟ್‌ಗೆ ಹೋದರೆ?

ಫಾರ್ಮ್_ಪೇಪರ್

ಕೋರ್ಟ್‌ನಲ್ಲಿ ಕಷ್ಟ. ರಿಸರ್ವ್‌ನವರಿಗೆ ಹಾಜರಾದ ಡ್ರಿಲ್‌ಗೆ ಮಾತ್ರ ಸಂಬಳ ಎಂದು 1999ರ ಪಾಮರ್ ಪ್ರಕರಣದಲ್ಲಿ ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಹೇಳಿದೆ. ತಪ್ಪಾಗಿ ಹೊರಗೆ ಹಾಕಿದರೂ, ಮಾಡದ ಡ್ರಿಲ್‌ಗೆ ಹಣ ಕೇಳುವ ದಾವೆ ಕ್ಲೇಮ್ಸ್ ಕೋರ್ಟ್‌ನಲ್ಲಿ ನಿಲ್ಲುವುದಿಲ್ಲ. ಮಂಡಳಿಯ ತೀರ್ಮಾನ ಮನಸೋಇಚ್ಛೆಯದ್ದು ಎಂದು ಜಿಲ್ಲಾ ಫೆಡರಲ್ ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು. ಅಲ್ಲಿ ಹೊಸ ಸಾಕ್ಷ್ಯ ನೋಡುವುದಿಲ್ಲ, ಮಂಡಳಿಯ ಮುಂದಿದ್ದ ಕಡತವನ್ನೇ ನೋಡುತ್ತಾರೆ. ಹಾಗಾಗಿ ಅಂಚೆಯ ಹಸಿರು ರಿಟರ್ನ್ ಕಾರ್ಡಿನ ಪ್ರತಿಯಿಂದ ಹಿಡಿದು ಎಲ್ಲವೂ ಈಗಲೇ ಕಡತ ಸೇರಬೇಕು.

ಸೇರುವಾಗ ಬೋನಸ್ ತೆಗೆದುಕೊಂಡಿದ್ದರೆ ಅದರ ವಸೂಲಿ ನೋಟಿಸ್ ಬೇರೆಯಾಗಿ ಬರುತ್ತದೆ. ಅದಕ್ಕೆ ಬೇರೆಯೇ ಉತ್ತರ ಬರೆಯಬೇಕು. ಡಿಸ್ಚಾರ್ಜ್ ಅರ್ಜಿ ಬಾಕಿ ಇದೆ ಎಂದು ಸಾಲ ತಾನಾಗಿ ನಿಲ್ಲುವುದಿಲ್ಲ. 149ರಲ್ಲಿ ಬೋನಸ್ ಸಾಲ ರದ್ದು ಮಾಡಿ ಎಂಬ ಬೇಡಿಕೆಯನ್ನೂ ಸೇರಿಸಿ.

ಹೊಸಬ_ಸೈನಿಕ

ಇನ್ನೂ ಡಿಸ್ಚಾರ್ಜ್ ಆಗದೆ, ಬರೀ ನೋಟಿಸ್ ಬಂದವರು ಏನು ಮಾಡಬೇಕು?

ಅಂಚೆಚೀಟಿ

ಅದು ಇದಕ್ಕಿಂತ ಎಷ್ಟೋ ಸುಲಭದ ಹಂತ. ನೋಟಿಸ್ ಕೈಗೆ ಬಂದ ದಿನವೇ ಲಕೋಟೆಯ ಮೇಲೆ ತಾರೀಖು ಬರೆದು ಫೋಟೊ ತೆಗೆದಿಡಿ. 30 ದಿನದೊಳಗೆ ಉತ್ತರ ಹೋಗಬೇಕು, ನೀವೂ ಸರ್ಟಿಫೈಡ್ ಮೇಲ್‌ನಲ್ಲೇ ಕಳಿಸಿ. ಬೋರ್ಡ್ ಬೇಡ ಎಂಬ ಚೌಕಕ್ಕೆ ವಕೀಲರನ್ನು ಕಾಣದೆ ಟಿಕ್ ಮಾಡಬೇಡಿ. ಸೇನೆಯ ವಕೀಲರು ಉಚಿತ, ಹೊರಗಿನವರು ಸ್ವಂತ ಖರ್ಚು. ಬೋರ್ಡ್‌ನಲ್ಲಿ ಕನಿಷ್ಠ ಮೂವರು ಇರುತ್ತಾರೆ, ಬಹುಮತದ ತೀರ್ಮಾನ, ಸಾಕ್ಷಿಗಳನ್ನು ಕರೆಸಬಹುದು. ಬೋರ್ಡ್ ಶಿಫಾರಸು ಮಾಡಿದ್ದಕ್ಕಿಂತ ಕೆಟ್ಟ ಡಿಸ್ಚಾರ್ಜನ್ನು ಮೇಲಿನ ಅಧಿಕಾರಿ ಕೊಡುವಂತಿಲ್ಲ, ಬೋರ್ಡ್ ಕೇಳುವುದಕ್ಕೆ ಇದೇ ದೊಡ್ಡ ಕಾರಣ.

ಇನ್ನೆರಡು ಬೇಡಿಕೆಗಳನ್ನು ಉತ್ತರದಲ್ಲೇ ಇಡಿ. ಒಂದು, ಡಿಸ್ಚಾರ್ಜ್ ಬದಲು ಇಂಡಿವಿಜುವಲ್ ರೆಡಿ ರಿಸರ್ವ್‌ಗೆ ವರ್ಗಾವಣೆ. ಅಲ್ಲಿ ತಿಂಗಳ ಡ್ರಿಲ್ ಇಲ್ಲ. ಇನ್ನೊಂದು, ಡಿಸ್ಚಾರ್ಜನ್ನು 12 ತಿಂಗಳವರೆಗೆ ಅಮಾನತಿನಲ್ಲಿಟ್ಟು ನೋಡುವುದು. ನೋಟಿಸ್ ಬಂದ ಮೇಲೂ ಪ್ರತಿ ಡ್ರಿಲ್‌ಗೆ ಹೋಗಿ, ಹಾಜರಿ ಹಾಕಿದ್ದನ್ನು ಕಣ್ಣಾರೆ ನೋಡಿ ಬನ್ನಿ. 'ಹೇಗೂ ತೆಗೆಯುತ್ತಾರೆ' ಎಂದು ಹೋಗದೇ ಇದ್ದವರ ಗೈರುಹಾಜರಿ 9 ಇದ್ದದ್ದು 20 ದಾಟಿ, ಬೋರ್ಡ್‌ನ ಮುಂದೆ ಹೇಳಲು ಏನೂ ಉಳಿದಿರುವುದಿಲ್ಲ.

ತುಂಗಾತೀರ

ಎಲ್ಲರಿಗೂ ಧನ್ಯವಾದ. ಕಡತಕ್ಕೆ ಪ್ರೈವೆಸಿ ಆಕ್ಟ್ ಅರ್ಜಿ ಈ ವಾರ ಹೋಗುತ್ತದೆ. ಅದು ಬರುವವರೆಗೆ 293 ತಡೆಹಿಡಿಯಬೇಕೇ?

ಫಾರ್ಮ್_ಪೇಪರ್

ಕಡತ ಇಲ್ಲದೆ 293 ಕಳಿಸಬೇಡಿ. ಇಲ್ಲಿ ಇನ್ನೂ ಸಮಯ ಇದೆ, ಮತ್ತು ಸರ್ಟಿಫೈಡ್ ಮೇಲ್‌ನ ಚೀಟಿ ನೋಡದೆ ನೋಟಿಸ್ ಬಗ್ಗೆ ಬರೆದ ವಾದ ಬರೀ ಊಹೆ ಆಗುತ್ತದೆ. ಅಷ್ಟರಲ್ಲಿ ಮಂಡಳಿಗಳ ಹಳೆಯ ತೀರ್ಮಾನಗಳನ್ನು ಓದಿ. ಹೆಸರು ತೆಗೆದು ಸಾರ್ವಜನಿಕವಾಗಿ ಇಂಟರ್ನೆಟ್‌ನಲ್ಲಿ ಇಟ್ಟಿದ್ದಾರೆ. 'ಅನ್‌ಸ್ಯಾಟಿಸ್‌ಫ್ಯಾಕ್ಟರಿ ಪಾರ್ಟಿಸಿಪೇಷನ್' ಎಂದು ಹುಡುಕಿ, ಗೆದ್ದ ಅರ್ಜಿಗಳಲ್ಲಿ ವಿಳಾಸದ ವಿಷಯ ಎಲ್ಲಿ ಬಂದಿದೆ ಎಂದು ಗುರುತು ಮಾಡಿಕೊಳ್ಳಿ. ಹೇಳಿಕೆ ಮೂರು ಪುಟ ಮೀರದಿರಲಿ. ಮೊದಲ ಪ್ಯಾರಾದಲ್ಲೇ ಏನು ಬೇಕು ಎಂದು ಬರೆಯಿರಿ, ಆಮೇಲೆ ತಿಂಗಳವಾರು ಘಟನೆ, ಪ್ರತಿ ವಾಕ್ಯದ ಕೊನೆಗೆ ಲಗತ್ತಿನ ನಂಬರ್. ಕಮಾಂಡರ್ ಬಗ್ಗೆ ಸಿಟ್ಟಿನ ಒಂದು ಪದವೂ ಬೇಡ.

149ರ ಹಂತದಲ್ಲಿ ಮಂಡಳಿ ಸೇನೆಯ ಕಚೇರಿಯಿಂದ ಸಲಹಾ ಅಭಿಪ್ರಾಯ ತರಿಸಿಕೊಂಡರೆ ಅದರ ಪ್ರತಿ ಅರ್ಜಿದಾರನಿಗೂ ಬರುತ್ತದೆ. ಅದಕ್ಕೆ ಉತ್ತರ ಕೊಡುವ ಗಡುವು ಆ ಪತ್ರದಲ್ಲೇ ಇರುತ್ತದೆ. ಆ ಪತ್ರ ಬರುವುದು ಫಾರ್ಮ್‌ನಲ್ಲಿ ಬರೆದ ವಿಳಾಸಕ್ಕೆ. ಅವನು ಮತ್ತೆ ಮನೆ ಬದಲಿಸಿದರೆ ಅದೇ ದಿನ ಮಂಡಳಿಗೆ ಬರವಣಿಗೆಯಲ್ಲಿ ತಿಳಿಸಲಿ.